ಬೆಟ್ಟದ ನದಿ ಇಷ್ಟು ಬೇಗ ಏರಿಳಿಯುವುದೇಕೆ, ಅದರ ಹರಿವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಬೆಟ್ಟದಿಂದ ಇಳಿಯುವ ನದಿಯೊಂದರ ದಡದಲ್ಲಿ ನಮ್ಮ ಜಮೀನುಗಳಿವೆ. ಮೇಲೆ ಜೋರು ಮಳೆಯಾದರೆ ಒಂದೆರಡು ಗಂಟೆಯಲ್ಲಿ ಸೇತುವೆಯ ಬಳಿ ನೀರು ಆಳೆತ್ತರ ಏರುತ್ತದೆ, ಮರುದಿನದೊಳಗೆ ಇಳಿದುಹೋಗುತ್ತದೆ. ಹಾಗಿದ್ದೂ ತಿಂಗಳುಗಟ್ಟಲೆ ಮಳೆಯಿಲ್ಲದಾಗ ನದಿ ಪೂರ್ತಿ ಬತ್ತುವುದಿಲ್ಲ. ಆ ನೀರು ಎಲ್ಲಿಂದ ಬರುತ್ತದೆ? ನಕ್ಷೆಯಲ್ಲಿ ನೋಡಿದರೆ ಸೇತುವೆಯ ತನಕ ನದಿಯ ಉದ್ದ 10 ಕಿ.ಮೀ., ಇಳಿತ 800 ಮೀಟರ್, ಜಲಾನಯನ ಸುಮಾರು 50 ಚದರ ಕಿ.ಮೀ. ದುಬಾರಿ ಉಪಕರಣಗಳಿಲ್ಲದೆ ಇದರ ಹರಿವನ್ನು ನಾವೇ ಅಳೆದು ದಾಖಲಿಸಿಕೊಳ್ಳಬಹುದೆ?

ಉತ್ತರ: ಅಳೆಯಬಹುದು. ಆದರೆ ಬಯಲಿನ ಕಾಲುವೆಯನ್ನು ಅಳೆಯುವ ಕ್ರಮವನ್ನೇ ಇಲ್ಲಿಗೂ ತಂದರೆ ಲೆಕ್ಕ ಒಂದಕ್ಕೆರಡು ತಪ್ಪುತ್ತದೆ. ಬೆಟ್ಟದ ನದಿಯಲ್ಲಿ ನೀರಿನ ನಡೆಯನ್ನು ತೀರ್ಮಾನಿಸುವುದು ಇಳಿಜಾರು ಮತ್ತು ತಳದ ಕಲ್ಲು. ಇವೆರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸಂಖ್ಯೆಯನ್ನೂ ನಂಬಬೇಡಿ. ವರ್ಷದ ಸರಾಸರಿ ಹರಿವು ಎಂಬ ಅಂಕಿಯನ್ನಂತೂ ಬದಿಗಿಡಿ. ಇಂಥ ನದಿ ತನ್ನ ಸರಾಸರಿಯಲ್ಲಿ ಹರಿಯುವ ದಿನಗಳು ಬಹಳ ಕಡಿಮೆ. ವರ್ಷದ ಬಹುಪಾಲು ಅದಕ್ಕಿಂತ ತೀರಾ ಕೆಳಗೆ, ಕೆಲವೇ ದಿನ ಅದಕ್ಕಿಂತ ಹತ್ತಾರು ಪಟ್ಟು ಮೇಲೆ. ನಿಮಗೆ ಬೇಕಾಗಿರುವುದು ಬೇಸಿಗೆಯ ಕನಿಷ್ಠ, ನೆರೆಯ ಗರಿಷ್ಠ, ಮತ್ತು ಒಂದರಿಂದ ಇನ್ನೊಂದಕ್ಕೆ ನದಿ ಎಷ್ಟು ಹೊತ್ತಿನಲ್ಲಿ ಹೋಗುತ್ತದೆ ಎಂಬುದು.

ನಕ್ಷೆಯಿಂದಲೇ ತಿಳಿಯುವುದು

ಮೊದಲು ಜಲಾನಯನದ ಗಡಿಯನ್ನು ಇನ್ನೊಮ್ಮೆ ಎಳೆದು ನೋಡಿ. ಟೋಪೋ ನಕ್ಷೆಯಲ್ಲಿ ಸೇತುವೆಯಿಂದ ಹೊರಟು, ಎತ್ತರದ ರೇಖೆಗಳನ್ನು ಲಂಬವಾಗಿ ಕಡಿಯುತ್ತ ಏಣಿನ ತುದಿಗೆ ಹತ್ತಿ, ಏಣಿನ ಮೇಲೇ ಸುತ್ತಿ, ಇನ್ನೊಂದು ದಡದಲ್ಲಿ ಸೇತುವೆಗೇ ಇಳಿಯಬೇಕು. ಎಲ್ಲೂ ಈ ಗೆರೆ ಒಂದು ತೊರೆಯನ್ನು ದಾಟಬಾರದು. ದಾಟಿದರೆ ಎಲ್ಲೋ ತಪ್ಪು ಏಣು ಹಿಡಿದಿದ್ದೀರಿ. ಸುಣ್ಣಕಲ್ಲಿನ ನೆಲವಾದರೆ ಈ ಗಡಿಯೂ ಪೂರ್ತಿ ನಂಬಿಕಸ್ಥವಲ್ಲ. ಅಲ್ಲಿ ನೀರು ಗುಹೆ, ಬಿರುಕುಗಳಲ್ಲಿ ಇಳಿದು ಪಕ್ಕದ ಕಣಿವೆಯಲ್ಲಿ ಏಳಬಹುದು.

10 ಕಿ.ಮೀ.ಗೆ 800 ಮೀಟರ್ ಎಂದರೆ ಸರಾಸರಿ ಇಳಿಜಾರು 0.08. ಜಲಾನಯನದ ತುತ್ತತುದಿಯ ನೀರು ಸೇತುವೆ ತಲುಪಲು ಬೇಕಾಗುವ ಸಮಯಕ್ಕೆ 1940ರಲ್ಲಿ ಕಿರ್ಪಿಚ್ ಎಂಬ ಎಂಜಿನಿಯರ್ ಕೊಟ್ಟ ಒಂದು ಸರಳ ಸೂತ್ರವಿದೆ. ಮೀಟರ್‌ನಲ್ಲಿ ಹೇಳಿದ ಉದ್ದದ 0.77ನೇ ಘಾತವನ್ನು ಇಳಿಜಾರಿನ 0.385ನೇ ಘಾತದಿಂದ ಭಾಗಿಸಿ 0.0195ರಿಂದ ಗುಣಿಸಿದರೆ ನಿಮಿಷಗಳು ಸಿಗುತ್ತವೆ. ನಿಮ್ಮ ನದಿಗೆ ಸುಮಾರು 62 ನಿಮಿಷ ಬರುತ್ತದೆ. ಅದೇ 10 ಕಿ.ಮೀ. ನದಿ ಬಯಲಿನಲ್ಲಿ 0.002 ಇಳಿಜಾರಿನಲ್ಲಿದ್ದರೆ 4 ಗಂಟೆ 16 ನಿಮಿಷ. ಈ ಸೂತ್ರ ಹುಟ್ಟಿದ್ದು ಅಮೆರಿಕದ ಟೆನೆಸಿಯ ಪುಟ್ಟ ಪುಟ್ಟ ಕೃಷಿ ಜಲಾನಯನಗಳ ಅಳತೆಯಿಂದ. ಕಲ್ಲುಬಂಡೆಗಳ, ಕಾಡು ತುಂಬಿದ ಬೆಟ್ಟದಲ್ಲಿ ನಿಜವಾದ ಸಮಯ ಇದಕ್ಕಿಂತ ಹೆಚ್ಚೇ ಇರುತ್ತದೆ. ನೀವು ಹೇಳುವ ಒಂದೆರಡು ಗಂಟೆ ಇದಕ್ಕೆ ಸರಿಹೊಂದುತ್ತದೆ.

ಆಕಾರವೂ ಮುಖ್ಯ. ಎಲ್ಲ ತೊರೆಗಳೂ ಸೇತುವೆಗಿಂತ ಸ್ವಲ್ಪ ಮೇಲೆ ಬೀಸಣಿಗೆಯಂತೆ ಬಂದು ಕೂಡಿದರೆ ಅವುಗಳ ಉಕ್ಕು ಒಂದೇ ಹೊತ್ತಿಗೆ ತಲುಪಿ ನೆರೆ ಚೂಪಾಗಿ ಏಳುತ್ತದೆ. ಉದ್ದನೆಯ ಇಕ್ಕಟ್ಟು ಕಣಿವೆಗೆ ಒಂದೊಂದಾಗಿ ಬಂದು ಸೇರಿದರೆ ಅದೇ ಮಳೆಯ ನೆರೆ ತಗ್ಗಿ, ಉದ್ದವಾಗಿ ಹರಡಿಕೊಳ್ಳುತ್ತದೆ.

ಮಳೆಮಾಪಕದ ಬಗ್ಗೆ ಒಂದು ಎಚ್ಚರಿಕೆ. ತೇವದ ಗಾಳಿ ಬೆಟ್ಟವೇರುವಾಗ ತಣಿದು ಮಳೆ ಸುರಿಸುತ್ತದೆ. ಗಾಳಿ ಬಡಿಯುವ ಮೈಯಲ್ಲಿ ಬೀಳುವಷ್ಟು ಮಳೆ ಕಣಿವೆಯ ತಳದಲ್ಲಿ ಬೀಳುವುದಿಲ್ಲ. ಸೇತುವೆಯ ಪಕ್ಕದ ಒಂದೇ ಮಾಪಕವನ್ನು ನಂಬಿ ಕೂತರೆ, ಮಳೆಗಿಂತ ನದಿಯಲ್ಲಿ ಹರಿದ ನೀರೇ ಹೆಚ್ಚು ಎಂಬ ಅಸಾಧ್ಯ ಲೆಕ್ಕ ಬರುವುದುಂಟು. ಒಂದು ಮಾಪಕವನ್ನಾದರೂ ಜಲಾನಯನದ ನಡುವಿನ ಎತ್ತರದಲ್ಲಿ, ಮರದ ನೆರಳು ಬೀಳದ ಕಡೆ ಇಡಿ.

ಉಕ್ಕಿ ಬರುವ ನೀರು

ಒಂದು ಚದರ ಕಿ.ಮೀ. ಮೇಲೆ 1 ಮಿ.ಮೀ. ಮಳೆ ಬಿದ್ದರೆ 1,000 ಘನ ಮೀಟರ್ ನೀರು. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ಗುಣಾಕಾರ. ನಿಮ್ಮ 50 ಚದರ ಕಿ.ಮೀ. ಮೇಲೆ 3 ಗಂಟೆಯಲ್ಲಿ 60 ಮಿ.ಮೀ. ಸುರಿದರೆ 30 ಲಕ್ಷ ಘನ ಮೀಟರ್ ಆಯಿತು. ನೆಲ ಮೊದಲೇ ನೆನೆದಿದ್ದು ಹತ್ತರಲ್ಲಿ ಆರು ಪಾಲು ನದಿಗೆ ಬಂದರೆ 18 ಲಕ್ಷ. ಅದು 5 ಗಂಟೆಯಲ್ಲಿ ಸೇತುವೆ ದಾಟಿದರೆ ಸರಾಸರಿ ಸೆಕೆಂಡಿಗೆ 100 ಘನ ಮೀಟರ್, ಅಂದರೆ ಸುಮಾರು 3,530 ಕ್ಯೂಸೆಕ್. ನೆರೆಯ ತುದಿ ಇದರ ಎರಡು ಪಟ್ಟಿನ ಹತ್ತಿರ ಹೋಗಬಹುದು. ಅದೇ ಮಳೆ ಒಣನೆಲದ ಮೇಲೆ ಬಿದ್ದು ಹತ್ತರಲ್ಲಿ ಒಂದೇ ಪಾಲು ಹರಿದುಬಂದರೆ ಬರೀ 3 ಲಕ್ಷ ಘನ ಮೀಟರ್. ಆದ್ದರಿಂದಲೇ ‘ಎಷ್ಟು ಮಳೆಗೆ ನೆರೆ ಬರುತ್ತದೆ’ ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರವಿಲ್ಲ. ಹಿಂದಿನ ವಾರ, ಹದಿನೈದು ದಿನದ ಮಳೆಯನ್ನೂ ಜೊತೆಗಿಟ್ಟು ನೋಡಬೇಕು.

ಈ ನೀರು ನೆಲದ ಮೇಲೆಯೇ ಓಡಿಬರುತ್ತದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಬರಿಯ ಬಂಡೆ, ರಸ್ತೆ, ತುಳಿದು ಗಟ್ಟಿಯಾದ ಜಾಗ, ಬೆಂಕಿ ಬಿದ್ದ ಇಳಿಜಾರು ಇಂಥಲ್ಲಿ ಅದು ನಿಜ. ಕಾಡಿರುವ ಬೆಟ್ಟದಲ್ಲಿ ಹಾಗಲ್ಲ. ಎಲೆಗೊಬ್ಬರ, ಬೇರು, ಹುಳು ಕೊರೆದ ರಂಧ್ರಗಳಿರುವ ಮಣ್ಣು ಸಾಮಾನ್ಯ ಮಳೆಯನ್ನೆಲ್ಲ ಹೀರುತ್ತದೆ. ಹೀರಿದ ನೀರು ಮಣ್ಣಿನಡಿಯ ಗಟ್ಟಿ ಪದರ ಮುಟ್ಟಿ ಇಳಿಜಾರಿನಗುಂಟ ಜಾರುತ್ತದೆ. ಕಣಿವೆಯ ತಗ್ಗಿನಲ್ಲಿ ಮಣ್ಣು ಪೂರ್ತಿ ತುಂಬಿಕೊಂಡ ಮೇಲೆ ಅಲ್ಲಿ ಬಿದ್ದ ಮಳೆಗೆ ಇಂಗಲು ಜಾಗವಿಲ್ಲದೆ ನೇರವಾಗಿ ನದಿಗೆ ಸೇರುತ್ತದೆ. ಮಳೆ ಮುಂದುವರಿದಂತೆ ಈ ತುಂಬಿದ ಜಾಗ ತೊರೆಯ ಅಂಚಿನಿಂದ ಇಳಿಜಾರಿನ ಮೇಲಕ್ಕೆ ಹಬ್ಬುತ್ತ ಹೋಗುತ್ತದೆ. ಎರಡು ಗಂಟೆ ಮಳೆಗೆ ಸುಮ್ಮನಿದ್ದ ನದಿ ಮೂರನೆಯ ಗಂಟೆಯಲ್ಲಿ ಏಕಾಏಕಿ ಏರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಇನ್ನೂ ಅಚ್ಚರಿಯ ಸಂಗತಿಯೊಂದಿದೆ. ಆಮ್ಲಜನಕ, ಜಲಜನಕಗಳ ಐಸೋಟೋಪುಗಳನ್ನು (ಒಂದೇ ಮೂಲವಸ್ತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು) ಗುರುತಾಗಿ ಬಳಸಿ ನಡೆಸಿದ ಅಧ್ಯಯನಗಳಲ್ಲಿ, ಕಾಡು ಹೊದ್ದ ತೇವದ ಜಲಾನಯನಗಳ ನೆರೆ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಆ ದಿನದ ಮಳೆಯದ್ದಲ್ಲ ಎಂದು ಮತ್ತೆ ಮತ್ತೆ ಕಂಡುಬಂದಿದೆ. ಅದು ಮಣ್ಣಿನಲ್ಲಿ ಮೊದಲೇ ಕೂತಿದ್ದ ಹಳೆಯ ನೀರು. ಮೇಲೆ ಹೊಸ ನೀರು ಇಂಗಿದಾಗ ಒತ್ತಡ ಕೆಳಗೆ ದಾಟಿ ಹಳೆಯದು ಹೊರಬೀಳುತ್ತದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ತೋರಿಸುವ ವಾಹಕತೆ ಮೀಟರ್ ಒಂದಿದ್ದರೆ ಇದರ ಸುಳಿವು ನಿಮಗೂ ಸಿಗುತ್ತದೆ. ಮಳೆ ನೀರಿನಲ್ಲಿ ಲವಣ ಬಹಳ ಕಡಿಮೆ, ನೆಲದಲ್ಲಿ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಹೆಚ್ಚು. ನೆರೆ ಏರುವಾಗ ವಾಹಕತೆ ಹೆಚ್ಚು ಕುಸಿಯದಿದ್ದರೆ ಬರುತ್ತಿರುವುದರಲ್ಲಿ ಹಳೆಯ ನೀರೇ ಹೆಚ್ಚು. ತಟಕ್ಕನೆ ಕುಸಿದರೆ ಮೇಲ್ಮೈ ಹರಿವು ಹೆಚ್ಚು. ಒಂದೇ ನದಿಯಲ್ಲಿ ವರ್ಷದಿಂದ ವರ್ಷಕ್ಕೆ ಈ ಕುಸಿತ ಹೆಚ್ಚುತ್ತ ಬಂದರೆ ಮೇಲಿನ ನೆಲ ಇಂಗಿಸುವ ಗುಣ ಕಳೆದುಕೊಳ್ಳುತ್ತಿದೆಯೇ ಎಂದು ಹೋಗಿ ನೋಡಬೇಕು.

ಬೇಸಿಗೆಯಲ್ಲೂ ಉಳಿಯುವ ನೀರು

ಇದು ಶಿಥಿಲಗೊಂಡ ಬಂಡೆಯ ಪದರ, ಬಿರುಕುಗಳು, ಬೆಟ್ಟದ ಬುಡದಲ್ಲಿ ಜರಿದು ಕೂತ ಕಲ್ಲುಮಣ್ಣಿನ ರಾಶಿ ಇವುಗಳಿಂದ ಒರತೆಯಾಗಿ ನಿಧಾನವಾಗಿ ಸೋರುವ ನೀರು. ಅದು ಇಳಿಯುವುದಕ್ಕೊಂದು ನಿಯಮವಿದೆ: ಪ್ರತಿ ದಿನದ ಹರಿವು ಹಿಂದಿನ ದಿನದ್ದರ ಒಂದು ನಿಗದಿತ ಪಾಲು. ಉದಾಹರಣೆಗೆ ಮಳೆ ನಿಂತು ಎರಡು ವಾರವಾದ ಮೇಲೆ ಸೆಕೆಂಡಿಗೆ 400 ಲೀಟರ್ ಇತ್ತು, ಅದಾಗಿ 10 ದಿನಕ್ಕೆ 340 ಆಯಿತು ಎನ್ನಿ. 340ನ್ನು 400ರಿಂದ ಭಾಗಿಸಿದರೆ 0.85, ಅದರ ಹತ್ತನೇ ಮೂಲ 0.984. ಅಂದರೆ ದಿನಕ್ಕೆ ಶೇ 1.6ರಷ್ಟು ಇಳಿಕೆ. ಇದೇ ಗತಿಯಲ್ಲಿ ಇನ್ನೂ 60 ದಿನ ಮಳೆ ಬಾರದಿದ್ದರೆ 128 ಲೀಟರ್ ಉಳಿಯುತ್ತದೆ. ನಿಜದಲ್ಲಿ ಇಳಿಕೆ ಕೊನೆಕೊನೆಗೆ ಇನ್ನಷ್ಟು ನಿಧಾನವಾಗುವುದೇ ಹೆಚ್ಚು, ಏಕೆಂದರೆ ಬೇಗ ಖಾಲಿಯಾಗುವ ಪದರಗಳು ಮೊದಲು ಮುಗಿದು ಆಳದವು ಉಳಿದಿರುತ್ತವೆ. ಹಾಗಾಗಿ ಈ ಲೆಕ್ಕವನ್ನು ಜಾಗ್ರತೆಯ ಅಂದಾಜಾಗಿ ಬಳಸಬಹುದು. ಮೇಲೆ ಯಾರಾದರೂ ಪಂಪಿನಿಂದ ನೀರೆತ್ತುತ್ತಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ. ಆ ಪ್ರಮಾಣವನ್ನು ಕೂಡಿಸಿಯೇ ಗಣಿಸಬೇಕು.

ಬೇಸಿಗೆಯಲ್ಲಿ ಒಂದೇ ದಿನದೊಳಗೂ ಸಣ್ಣ ಏರಿಳಿತ ಕಾಣಬಹುದು. ಮರಗಳು ಹಗಲು ನೀರು ಹೀರುವುದರಿಂದ ಮಧ್ಯಾಹ್ನದ ಮೇಲೆ ತೊರೆ ಸೊರಗಿ, ರಾತ್ರಿ ಚೇತರಿಸಿಕೊಂಡು, ಬೆಳಗಿನ ಹೊತ್ತಿಗೆ ತುಂಬಿಕೊಳ್ಳುತ್ತದೆ. ಹಿಮದಿಂದ ಹುಟ್ಟುವ ನದಿಯಲ್ಲಿ ಇದು ತಿರುಗುಮುರುಗು: ಬಿಸಿಲಿಗೆ ಕರಗಿದ ನೀರು ಸಂಜೆಗೆ ತಲುಪುತ್ತದೆ, ಮುಂಜಾನೆ ಹರಿವು ಕನಿಷ್ಠ. ಸರಾಸರಿ ಉಷ್ಣಾಂಶ ಸೊನ್ನೆಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಮೇಲಿದ್ದರೆ ದಿನಕ್ಕೆ ಸಾಮಾನ್ಯವಾಗಿ 2ರಿಂದ 6 ಮಿ.ಮೀ.ನಷ್ಟು ನೀರು ಹಿಮದಿಂದ ಕರಗುತ್ತದೆ. ಹಿಮನದಿ ತೊರೆಗಳನ್ನು ಬೆಳಿಗ್ಗೆ ದಾಟಿ, ಸಂಜೆಗೆ ಮೊದಲೇ ಮರಳಬೇಕು ಎನ್ನುವುದು ಇದಕ್ಕೇ. ಅಳತೆಯ ವಿಷಯದಲ್ಲಿ ಇದರ ಅರ್ಥ ಇಷ್ಟೇ: ಬೇಸಿಗೆಯ ಅಳತೆಗಳನ್ನೆಲ್ಲ ದಿನದ ಒಂದೇ ಹೊತ್ತಿನಲ್ಲಿ ತೆಗೆಯಿರಿ, ಹೊತ್ತನ್ನೂ ಬರೆದಿಡಿ.

ತಳದ ಕಲ್ಲು ಮಾಡುವ ಕೆಲಸ

ಇಳಿಜಾರು ಸುಮಾರು 0.03ಕ್ಕಿಂತ ಹೆಚ್ಚಿರುವಲ್ಲಿ ನದಿ ಮೆಟ್ಟಿಲಾಗುತ್ತದೆ. ದೊಡ್ಡ ಗುಂಡುಗಳು ಅಡ್ಡಲಾಗಿ ಒಂದಕ್ಕೊಂದು ಕಚ್ಚಿ ಕೂತು ಮೆಟ್ಟಿಲು, ಅದರ ಕೆಳಗೆ ನೀರು ಬಿದ್ದು ಕೊರೆದ ಮಡು, ಮತ್ತೆ ಮೆಟ್ಟಿಲು. ಎರಡು ಮೆಟ್ಟಿಲುಗಳ ಅಂತರ ಬಹುಮಟ್ಟಿಗೆ ನದಿಯ ಅಗಲದ ಒಂದರಿಂದ ನಾಲ್ಕು ಪಟ್ಟು. ಇಳಿಜಾರು ನೂರಕ್ಕೆ ಒಂದಕ್ಕಿಂತ ತಗ್ಗಿದ ಮೇಲೆ ಮಡು ಮತ್ತು ಜಲ್ಲಿದಿಬ್ಬದ ತೆಳು ಹರಿವು ಸರದಿಯಲ್ಲಿ ಬರುತ್ತವೆ. ಅಲ್ಲಿ ಮಡುಗಳ ಅಂತರ ಅಗಲದ ಐದರಿಂದ ಏಳು ಪಟ್ಟು. ನೀರು ಬೀಳುವಾಗ ಗಳಿಸಿದ ಶಕ್ತಿಯ ಬಹುಪಾಲು ಮಡುವಿನ ಸುಳಿಯಲ್ಲೇ ಕರಗಿಹೋಗುತ್ತದೆ. ಈ ಮೆಟ್ಟಿಲುಗಳನ್ನು ‘ನೀರಿಗೆ ಅಡ್ಡಿ’ ಎಂದು ಜೆಸಿಬಿಯಿಂದ ಕಿತ್ತೆಸೆದರೆ ಉಳಿದ ಶಕ್ತಿ ತಳವನ್ನೂ ದಡವನ್ನೂ ಕೊರೆಯುತ್ತದೆ, ಆ ಕೊರೆತ ಮೇಲ್ಮುಖವಾಗಿ ಹತ್ತುತ್ತ ಹೋಗುತ್ತದೆ. ಸೇತುವೆಯ ಕೆಳಗೆ ಕಲ್ಲು ತೆಗೆದದ್ದಕ್ಕೆ ಸೇತುವೆಯ ಕಂಬದ ಬುಡವೇ ಬಯಲಾಗುವುದು ಹೀಗೆ.

ಯಾವ ನೆರೆಗೆ ಎಂಥ ಕಲ್ಲು ಅಲುಗುತ್ತದೆ ಎಂದು ಅಂದಾಜು ಮಾಡುವ ಸುಲಭ ದಾರಿಯೊಂದಿದೆ: ನೀರಿನ ಆಳವನ್ನು ಇಳಿಜಾರಿನಿಂದ ಗುಣಿಸಿ, ಮತ್ತೆ 13ರಿಂದ ಗುಣಿಸಿ. 1 ಮೀಟರ್ ಆಳ, 0.02 ಇಳಿಜಾರಾದರೆ ಸುಮಾರು 26 ಸೆಂ.ಮೀ. ಗಾತ್ರದ ಕಲ್ಲು ಉರುಳುವ ಹಂತಕ್ಕೆ ಬರುತ್ತದೆ. ಕಡಿದಾದ, ಕಲ್ಲುಗಳು ಬಿಗಿಯಾಗಿ ಹೆಣೆದುಕೊಂಡ ತಳದಲ್ಲಿ ನಿಜವಾಗಿ ಅಲುಗುವುದು ಇದಕ್ಕಿಂತ ಚಿಕ್ಕದು. ಇನ್ನೊಂದು ಸಂಗತಿ: ತಳದ ಮೇಲ್ಪದರದಲ್ಲಿ ದಪ್ಪ ಕಲ್ಲುಗಳು ಕವಚದಂತೆ ಕೂತಿರುತ್ತವೆ, ಅವುಗಳಡಿಯಲ್ಲಿ ಮರಳು, ಸಣ್ಣ ಜಲ್ಲಿ. ಕವಚ ಒಡೆಯುವವರೆಗೆ ನದಿ ಹೆಚ್ಚೇನೂ ಹೊರುವುದಿಲ್ಲ, ಒಡೆದ ಮೇಲೆ ಒಂದೇ ರಾತ್ರಿಯಲ್ಲಿ ತಳದ ಮಟ್ಟ ಬದಲಾಗುತ್ತದೆ. ಕಳೆದ ವರ್ಷದ ಮಟ್ಟ–ಹರಿವು ಪಟ್ಟಿ (ಯಾವ ಮಟ್ಟಕ್ಕೆ ಎಷ್ಟು ಹರಿವು ಎಂಬ ಪಟ್ಟಿ) ಈ ವರ್ಷ ಕೆಲಸಕ್ಕೆ ಬಾರದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಅಳೆಯುವ ಕ್ರಮ

ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಮಟ್ಟ ಓದಲು ಒಂದು ಮಡುವಿನ ಬದಿ ಬೇಕು: ನೀರು ಅಲೆಯಾಡದೆ ನಿಂತಂತಿರಬೇಕು, ಮಡುವಿನ ಕೆಳತುದಿಯಲ್ಲಿ ಅಲುಗದ ಬಂಡೆಯ ಹೊಸ್ತಿಲಿರಬೇಕು. ಆ ಹೊಸ್ತಿಲೇ ಮಟ್ಟವನ್ನು ಹಿಡಿದಿಡುವುದು. ಸಡಿಲ ಜಲ್ಲಿಯದ್ದಾದರೆ ಪ್ರತಿ ನೆರೆಗೂ ಮಟ್ಟ–ಹರಿವು ಪಟ್ಟಿ ಬದಲಿಸಬೇಕಾಗುತ್ತದೆ. ಸೆಂಟಿಮೀಟರ್ ಗುರುತುಗಳ ಅಳತೆಪಟ್ಟಿಯನ್ನು ಬಂಡೆಗೇ ಬೋಲ್ಟ್ ಹೊಡೆದು ಕೂರಿಸಿ. ಹತ್ತಿರದ ಗಟ್ಟಿ ಬಂಡೆಯ ಮೇಲೆ ಒಂದು ಖಾಯಂ ಗುರುತು ಕೊರೆದು, ಪಟ್ಟಿಯ ಸೊನ್ನೆಗೂ ಆ ಗುರುತಿಗೂ ಇರುವ ಎತ್ತರದ ವ್ಯತ್ಯಾಸವನ್ನು ಬರೆದಿಡಿ. ಪಟ್ಟಿ ಕೊಚ್ಚಿಹೋದರೆ ಮತ್ತೆ ಅದೇ ಎತ್ತರಕ್ಕೆ ಕೂರಿಸಲು ಇದೊಂದೇ ಆಧಾರ.

ಹರಿವು ಸೆಕೆಂಡಿಗೆ ನಾಲ್ಕೈದು ಲೀಟರ್‌ಗಿಂತ ಕಡಿಮೆಯಿದ್ದರೆ ಒಂದು ಪೈಪಿಗೆ ತಿರುಗಿಸಿ ಬಕೆಟ್ ತುಂಬುವ ಸಮಯ ನೋಡಿ. ಅದಕ್ಕಿಂತ ನಿಖರ ವಿಧಾನವಿಲ್ಲ.

ತೇಲುವಿಕೆಯ ವಿಧಾನಕ್ಕೆ ನೇರವಾದ, ಸಾಧ್ಯವಾದಷ್ಟು ಏಕರೂಪವಾಗಿರುವ 20 ಮೀಟರ್ ಉದ್ದದ ಭಾಗ ಹುಡುಕಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಡ್ಡ ಹಗ್ಗ ಕಟ್ಟಿ, ಪ್ರತಿ ಅರ್ಧ ಮೀಟರಿಗೆ ಆಳ ಅಳೆದು ಅಡ್ಡಕೊಯ್ತದ ವಿಸ್ತೀರ್ಣ ಲೆಕ್ಕಹಾಕಿ ಸರಾಸರಿ ತೆಗೆಯಿರಿ. ಮುಕ್ಕಾಲು ಮುಳುಗಿ ತೇಲುವ ವಸ್ತುವನ್ನು ಮೇಲಿನ ಹಗ್ಗಕ್ಕಿಂತ ಎರಡು ಮೂರು ಮೀಟರ್ ಹಿಂದೆ ಬಿಡಬೇಕು. ಥರ್ಮಾಕೋಲ್ ಬೇಡ, ಅದು ಗಾಳಿಗೆ ಓಡುತ್ತದೆ. ನಡುವೆ, ಎಡಕ್ಕೆ, ಬಲಕ್ಕೆ ಹೀಗೆ ಹತ್ತು ಸಲವಾದರೂ ಬಿಡಿ. ಕಲ್ಲಿಗೆ ಸಿಕ್ಕಿಕೊಂಡ ಓಟಗಳನ್ನು ಕೈಬಿಡಿ. ಮೇಲ್ಮೈ ವೇಗ ಇಡೀ ನೀರಿನ ವೇಗಕ್ಕಿಂತ ಹೆಚ್ಚು, ಆದ್ದರಿಂದ ಗುಣಕ ಬೇಕು. ಪುಸ್ತಕಗಳಲ್ಲಿ ಸಿಗುವ 0.85 ನಯವಾದ ಕಾಲುವೆಗಳಿಗೆ ಸರಿ. ಗುಂಡುಕಲ್ಲಿನ ತಳಕ್ಕೆ 0.6ರಿಂದ 0.75ರೊಳಗೆ ಹಿಡಿಯಬೇಕು. ವಿಸ್ತೀರ್ಣ 2.4 ಚದರ ಮೀಟರ್, 20 ಮೀಟರಿಗೆ ಸರಾಸರಿ 25 ಸೆಕೆಂಡ್ ಆದರೆ ಮೇಲ್ಮೈ ವೇಗ 0.8, ಗುಣಕ 0.7 ಎಂದರೆ ಸೆಕೆಂಡಿಗೆ 1.34 ಘನ ಮೀಟರ್, ಸುಮಾರು 47 ಕ್ಯೂಸೆಕ್. 0.85 ಹಾಕಿದ್ದರೆ 1.63 ಬರುತ್ತಿತ್ತು.

ನನ್ನ ಆಯ್ಕೆ ಮಾತ್ರ ಉಪ್ಪಿನ ವಿಧಾನ. ಬಯಲಿನ ಶಾಂತ ನದಿಯಲ್ಲಿ ಇದು ಒಗ್ಗುವುದಿಲ್ಲ, ಬೆಟ್ಟದ ನದಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಬೇರೆ ವಿಧಾನಗಳನ್ನು ಕೆಡಿಸುವ ಅದೇ ನೊರೆ, ಸುಳಿ, ಕಲ್ಲುಗಳ ಗಲಿಬಿಲಿ ಇಲ್ಲಿ ಉಪ್ಪನ್ನು ಚೆನ್ನಾಗಿ ಬೆರೆಸಿ ಸಹಾಯ ಮಾಡುತ್ತದೆ. ವಿಸ್ತೀರ್ಣ ಅಳೆಯುವ ಕೆಲಸವೇ ಇಲ್ಲ. ಬೇಕಾಗುವುದು ಅಡುಗೆ ಉಪ್ಪು, ಬಕೆಟ್, ತಕ್ಕಡಿ, 25 ಡಿಗ್ರಿಗೆ ಸರಿಹೊಂದಿಸಿ ತೋರಿಸುವ ವಾಹಕತೆ ಮೀಟರ್, ಗಡಿಯಾರ.

ಅಂದಾಜು ಹರಿವು ಸೆಕೆಂಡಿಗೆ ಎಷ್ಟು ಘನ ಮೀಟರೋ ಅಷ್ಟು ಕಿಲೋ ಉಪ್ಪಿನಿಂದ ಶುರುಮಾಡಿ. ಪ್ರತಿ ಕಿಲೋಗೆ ಕನಿಷ್ಠ 5 ಲೀಟರ್ ನದಿ ನೀರು ಹಾಕಿ ಪೂರ್ತಿ ಕರಗಿಸಬೇಕು. ಬಕೆಟ್ ತಳದಲ್ಲಿ ಕರಗದೆ ಉಳಿದ ಉಪ್ಪು ಲೆಕ್ಕದಲ್ಲಿ ನೀರನ್ನು ಹೆಚ್ಚಿಸಿ ತೋರಿಸುತ್ತದೆ. ಸುರಿಯುವ ಜಾಗದಿಂದ ಮೀಟರ್ ಇಡುವ ಜಾಗಕ್ಕೆ ನದಿಯ ಅಗಲದ ಸುಮಾರು 25 ಪಟ್ಟು ದೂರವಿರಲಿ. ನಡುವೆ ನೀರು ಇಕ್ಕಟ್ಟಿನಲ್ಲಿ ಧುಮುಕುವ ಒಂದೆರಡು ಕಡೆಗಳಿದ್ದರೆ ಒಳ್ಳೆಯದು, ದೊಡ್ಡ ಮಡು ಇದ್ದರೆ ಕೆಟ್ಟದ್ದು, ಉಪತೊರೆ ಬಂದು ಸೇರುತ್ತಿದ್ದರೆ ಆ ಜಾಗವೇ ಬೇಡ. ಉಪ್ಪುನೀರನ್ನು ನಡುಹೊಳೆಗೆ ಒಂದೇ ಸಲ ಸುರಿದು, ಕೆಳಗೆ ಪ್ರತಿ 5 ಸೆಕೆಂಡಿಗೆ ವಾಹಕತೆ ಬರೆದುಕೊಳ್ಳಿ. ಅದು ಏರಿ, ತುದಿ ಮುಟ್ಟಿ, ಮೊದಲಿನ ಮಟ್ಟಕ್ಕೆ ಮರಳುವವರೆಗೂ ನಿಲ್ಲಿಸಬೇಡಿ. ಬಾಲ ಉದ್ದವಾಗಿರುತ್ತದೆ, ಬೇಗ ನಿಲ್ಲಿಸಿದರೂ ಉತ್ತರ ಹೆಚ್ಚೇ ಬರುತ್ತದೆ.

ಪ್ರತಿ ಓದಿನಿಂದ ಮೊದಲಿದ್ದ ಹಿನ್ನೆಲೆ ಮಟ್ಟವನ್ನು ಕಳೆದು, ಎಲ್ಲವನ್ನೂ ಕೂಡಿ, 5ರಿಂದ ಗುಣಿಸಿ. ವಾಹಕತೆಯ ಒಂದು ಮೈಕ್ರೋಸೀಮನ್ಸ್ (ಮೀಟರ್ ತೋರಿಸುವ ಏಕಮಾನ) ಏರಿಕೆಗೆ ಲೀಟರಿನಲ್ಲಿ ಸುಮಾರು 0.5 ಮಿಲಿಗ್ರಾಂ ಉಪ್ಪು. 2 ಕಿಲೋ ಉಪ್ಪಿಗೆ ಈ ಮೊತ್ತ 2,000 ಬಂದರೆ: 2,000ವನ್ನು 0.5ರಿಂದ ಗುಣಿಸಿದರೆ 1,000, 20 ಲಕ್ಷ ಮಿಲಿಗ್ರಾಮನ್ನು ಈ 1,000ದಿಂದ ಭಾಗಿಸಬೇಕು, ಸೆಕೆಂಡಿಗೆ 2,000 ಲೀಟರ್, ಅಂದರೆ 2 ಘನ ಮೀಟರ್. ಆ 0.5ನ್ನು ನಿಮ್ಮ ಮೀಟರಿಗೇ ಪರೀಕ್ಷಿಸಿಕೊಳ್ಳಿ. ಒಂದು ಲೀಟರ್ ನದಿ ನೀರಿನಲ್ಲಿ 10 ಗ್ರಾಂ ಉಪ್ಪು ಕರಗಿಸಿ, ಆ ದ್ರಾವಣವನ್ನು ಇನ್ನೊಂದು ಲೀಟರ್ ನದಿ ನೀರಿಗೆ 1 ಮಿ.ಲೀ.ನಂತೆ ಐದು ಸಲ ಹಾಕುತ್ತ ಓದಿ. ಪ್ರತಿ ಸಲ ಸುಮಾರು 20 ಮೈಕ್ರೋಸೀಮನ್ಸ್ ಏರಬೇಕು. ಬೆರೆತದ್ದು ಸಾಕೇ ಎಂದು ತಿಳಿಯಲು ಇನ್ನೊಂದು ದಡದಲ್ಲೂ ಮೀಟರ್ ಇಟ್ಟು ಪ್ರಯೋಗ ಮತ್ತೊಮ್ಮೆ ಮಾಡಿ. ಎರಡು ಉತ್ತರಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರವಿದ್ದರೆ ದೂರ ಹೆಚ್ಚಿಸಿ.

ನೆರೆಯ ಅಳತೆ

ನೆರೆ ನೀರಿಗೆ ಇಳಿಯಬೇಡಿ. ಮೀಟರಿನಲ್ಲಿ ಆಳ, ಸೆಕೆಂಡಿಗೆ ಮೀಟರಿನಲ್ಲಿ ವೇಗ, ಎರಡರ ಗುಣಲಬ್ಧ 0.5 ದಾಟಿದರೆ ಜಾರುವ ಕಲ್ಲಿನ ಮೇಲೆ ನಿಲ್ಲುವುದು ಅಪಾಯ. ಅಂದರೆ ಮೊಣಕಾಲಿನ ಮಟ್ಟದ ನೀರು ಸೆಕೆಂಡಿಗೆ ಒಂದು ಮೀಟರ್ ಓಡುತ್ತಿದ್ದರೇ ಮಿತಿ ಬಂತು.

ನೆರೆ ಇಳಿದ ಮೇಲೆ ಅದು ಬಿಟ್ಟ ಗುರುತುಗಳಿಂದ ಲೆಕ್ಕ ಹಾಕಬಹುದು. ಎರಡೂ ದಡಗಳಲ್ಲಿ ಕಸಕಡ್ಡಿ ಸಿಕ್ಕ ಗೆರೆ, ಕೆಸರಿನ ಗೆರೆಗಳನ್ನು ಅಳಿಸಿಹೋಗುವ ಮೊದಲು ಬಣ್ಣದಿಂದ ಗುರುತಿಸಿ, ಕನಿಷ್ಠ ಮೂರು ಅಡ್ಡಕೊಯ್ತ ಅಳೆಯಿರಿ. ವೇಗಕ್ಕೆ ಮ್ಯಾನಿಂಗ್ ಸೂತ್ರ ಬಳಸುತ್ತಾರೆ; ಅದು ಜಲತ್ರಿಜ್ಯ, ಇಳಿಜಾರು, ತಳದ ಒರಟುತನ ಈ ಮೂರರಿಂದ ವೇಗ ಕೊಡುತ್ತದೆ. ಅದರಲ್ಲಿ ತಳದ ಒರಟುತನದ ಅಂಕಿಯೇ ತಪ್ಪಿನ ಮೂಲ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ರಾಬರ್ಟ್ ಜ್ಯಾರೆಟ್ ಕೊಲರಾಡೋದ ಕಡಿದಾದ ತೊರೆಗಳಲ್ಲಿ 21 ಕಡೆ 75 ಅಳತೆಗಳನ್ನು ತೆಗೆದು, ಇಳಿಜಾರು ಹೆಚ್ಚಿದಂತೆ ಒರಟುತನವೂ ಹೆಚ್ಚುತ್ತದೆ ಎಂದು 1984ರಲ್ಲಿ ತೋರಿಸಿದರು. ಅವರ ಸೂತ್ರ: ಇಳಿಜಾರಿನ 0.38ನೇ ಘಾತವನ್ನು ಜಲತ್ರಿಜ್ಯದ (ನೀರಿನ ವಿಸ್ತೀರ್ಣ ಭಾಗಿಸು ನೆನೆದ ಸುತ್ತಳತೆ) 0.16ನೇ ಘಾತದಿಂದ ಭಾಗಿಸಿ 0.32ರಿಂದ ಗುಣಿಸಬೇಕು. ವಿಸ್ತೀರ್ಣ 40 ಚದರ ಮೀಟರ್, ಜಲತ್ರಿಜ್ಯ 1.6 ಮೀಟರ್, ಇಳಿಜಾರು 0.02 ಆದಾಗ ಒರಟುತನ 0.067, ವೇಗ ಸೆಕೆಂಡಿಗೆ 2.9 ಮೀಟರ್, ಹರಿವು ಸುಮಾರು 115 ಘನ ಮೀಟರ್. ಬಯಲು ನದಿಯ 0.035ನ್ನೇ ಹಾಕಿದರೆ 221 ಬರುತ್ತದೆ. ಸೇತುವೆಯ ವಿನ್ಯಾಸವಾಗಲಿ, ದಂಡೆಯ ಎತ್ತರವಾಗಲಿ ಈ ಎರಡನೆಯ ಅಂಕಿಯ ಮೇಲೆ ನಿಂತರೆ ಏನಾಗುತ್ತದೆ ಎಂದು ಯೋಚಿಸಿ.

ಗುರುತು ನೀರಿನದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ದೊಡ್ಡ ಸಣ್ಣ ಕಲ್ಲು, ಕೆಸರು ಎಲ್ಲವೂ ಬೇರ್ಪಡದೆ ಒಟ್ಟಾಗಿ ಕೂತಿದ್ದರೆ, ಎರಡೂ ಬದಿಗಳಲ್ಲಿ ಗುಂಡುಗಳ ದಂಡೆ ಬಿದ್ದಿದ್ದರೆ ಬಂದದ್ದು ಕಲ್ಲುಕೆಸರಿನ ಪ್ರವಾಹ. ಅದಕ್ಕೆ ಈ ಸೂತ್ರ ಹೊಂದುವುದಿಲ್ಲ.

ಮೇಲೆ ಮಳೆ ಸುರಿಯುತ್ತಿರುವಾಗಲೇ ನದಿ ಇದ್ದಕ್ಕಿದ್ದಂತೆ ಸೊರಗಿದರೆ, ಅಥವಾ ನೀರು ಏಕಾಏಕಿ ಕೆಸರುಬಣ್ಣಕ್ಕೆ ತಿರುಗಿ ಮರದ ದಿಮ್ಮಿಗಳು ಬರತೊಡಗಿದರೆ, ಅಳತೆ ಬಿಟ್ಟು ಎತ್ತರಕ್ಕೆ ಹೋಗಿ, ಕೆಳಗಿನವರಿಗೆ ತಿಳಿಸಿ. ಎಲ್ಲೋ ಗುಡ್ಡ ಜರಿದು ನದಿಗೆ ಕಟ್ಟೆ ಬಿದ್ದಿರಬಹುದು. ಇಂದಿನ ಉತ್ತರಾಖಂಡದ ಗಢವಾಲದಲ್ಲಿ ಬಿರಹಿ ಗಂಗಾ ನದಿಗೆ 1893ರಲ್ಲಿ ಹೀಗೆ ಗುಡ್ಡ ಬಿದ್ದು ಗೋಹ್ನಾ ಸರೋವರ ಉಂಟಾಯಿತು. ಎಂಜಿನಿಯರುಗಳು ನೀರೇರುವ ಗತಿಯನ್ನು ಅಳೆದು, ಕಟ್ಟೆ ತುಂಬಿ ಹೊರಚೆಲ್ಲುವ ಕಾಲವನ್ನು ಮುಂಚಿತವಾಗಿ ಲೆಕ್ಕಹಾಕಿ, ಟೆಲಿಗ್ರಾಫ್ ತಂತಿ ಎಳೆದು ಕೆಳಗಿನ ಊರುಗಳನ್ನು ತೆರವು ಮಾಡಿಸಿದರು. 1894ರ ಆಗಸ್ಟ್ ಕೊನೆಯ ವಾರದಲ್ಲಿ ಕಟ್ಟೆ ಒಡೆದು ಗಢವಾಲದ ಶ್ರೀನಗರ ಪಟ್ಟಣವೇ ಕೊಚ್ಚಿಹೋಯಿತು, ಜನ ಬಹುಮಟ್ಟಿಗೆ ಉಳಿದರು. ಮಳೆ ಇಲ್ಲದೆಯೂ ಪ್ರವಾಹ ಬರಬಲ್ಲದು: 2021ರ ಫೆಬ್ರುವರಿ 7ರಂದು ಚಮೋಲಿ ಜಿಲ್ಲೆಯ ರೋಂಟಿ ಶಿಖರದಿಂದ ಕಳಚಿದ ಸುಮಾರು 2 ಕೋಟಿ 70 ಲಕ್ಷ ಘನ ಮೀಟರ್ ಬಂಡೆ ಮತ್ತು ಮಂಜುಗಡ್ಡೆ ಋಷಿಗಂಗಾ, ಧೌಲಿಗಂಗಾ ಕಣಿವೆಗಳಿಗೆ ನುಗ್ಗಿತು. ಹಿಮಶಿಖರಗಳ ಕೆಳಗಿರುವ ನದಿಗಳಲ್ಲಿ ಮಳೆಮಾಪಕ ಒಂದನ್ನೇ ನೆಚ್ಚಿ ಎಚ್ಚರಿಕೆ ವ್ಯವಸ್ಥೆ ಕಟ್ಟಬಾರದು.

ಪಟ್ಟಿ ತಯಾರಿ

ಬೇರೆ ಬೇರೆ ಮಟ್ಟಗಳಲ್ಲಿ ಹತ್ತು ಹನ್ನೆರಡು ಅಳತೆಗಳಾದ ಮೇಲೆ, ಮಟ್ಟ ಒಂದು ಕಡೆ, ಹರಿವು ಇನ್ನೊಂದು ಕಡೆ ಇಟ್ಟು ಲಾಗ್ ಕಾಗದದ (ಎರಡೂ ಅಕ್ಷಗಳ ಗೆರೆಗಳು ಪಟ್ಟುಗಳ ಲೆಕ್ಕದಲ್ಲಿರುವ ಗ್ರಾಫ್ ಕಾಗದ) ಮೇಲೆ ಗುರುತಿಸಿ. ಮಟ್ಟವೆಂದರೆ ಇಲ್ಲಿ ಪಟ್ಟಿಯ ಓದಿನಿಂದ ಹರಿವು ನಿಲ್ಲುವ ಮಟ್ಟವನ್ನು, ಅಂದರೆ ಬಂಡೆ ಹೊಸ್ತಿಲಿನ ಅತಿ ತಗ್ಗಿನ ಬಿಂದುವನ್ನು, ಕಳೆದದ್ದು. ಬಿಂದುಗಳು ಬಹುತೇಕ ನೇರ ಗೆರೆಯಲ್ಲಿ ಬರುತ್ತವೆ. ಗೆರೆಯಿಂದ ಒಂದೇ ಬದಿಗೆ ಸತತ ಮೂರು ಅಳತೆಗಳು ಸರಿದರೆ ಹೊಸ್ತಿಲು ಕೊರೆದಿದೆ ಅಥವಾ ಹೂಳು ತುಂಬಿದೆ. ಹೊಸ ಗೆರೆ ಶುರುಮಾಡಿ, ಬದಲಾವಣೆಯ ದಿನಾಂಕ ಬರೆಯಿರಿ. ಅಳೆದ ಅತಿ ಹೆಚ್ಚಿನ ಹರಿವಿನ ಎರಡು ಪಟ್ಟಿಗಿಂತ ಮುಂದಕ್ಕೆ ಗೆರೆಯನ್ನು ಎಳೆಯಬೇಡಿ. ದೊಡ್ಡ ನೆರೆಯಾದ ಮೇಲಿನ ಮೊದಲ ವಾರದಲ್ಲೇ ಒಂದು ಉಪ್ಪಿನ ಅಳತೆ ಆಗಲೇಬೇಕು.

ದಿನಕ್ಕೆರಡು ಸಲ ಪಟ್ಟಿ ಓದಿದರೂ ಎರಡು ಗಂಟೆಯಲ್ಲಿ ಬಂದುಹೋಗುವ ನೆರೆಯ ತುದಿ ಸಿಗುವುದಿಲ್ಲ. ಅದಕ್ಕೆ ವಿದ್ಯುತ್ತಿಲ್ಲದ ಸರಳ ಸಾಧನವೊಂದಿದೆ. 5 ಸೆಂ.ಮೀ. ವ್ಯಾಸದ ಪೈಪನ್ನು ಅಳತೆಪಟ್ಟಿಯ ಪಕ್ಕದಲ್ಲೇ ಲಂಬವಾಗಿ ಬಂಡೆಗೆ ಬಿಗಿದು, ಬುಡದಲ್ಲಿ ನೀರು ಒಳಬರಲು, ತಲೆಯಲ್ಲಿ ಗಾಳಿ ಹೊರಹೋಗಲು ಸಣ್ಣ ತೂತುಗಳನ್ನು ಕೊರೆಯಿರಿ. ಬುಡದ ತೂತುಗಳು ಹರಿವಿಗೆ ಎದುರಾಗಿರಬಾರದು, ಇದ್ದರೆ ಒಳಗಿನ ಮಟ್ಟ ಹೊರಗಿನದಕ್ಕಿಂತ ಹೆಚ್ಚು ಏರುತ್ತದೆ. ಒಳಗೆ ನೇರವಾದ ಮರದ ಕೋಲು, ಬುಡದಲ್ಲಿ ಒಂದು ಹಿಡಿ ಕಾರ್ಕ್ ಪುಡಿ. ನೀರು ಏರಿದಾಗ ಪುಡಿ ತೇಲಿ ಏರುತ್ತದೆ, ಇಳಿದಾಗ ತುದಿಯ ಮಟ್ಟದಲ್ಲಿ ಕೋಲಿಗೆ ಅಂಟಿಕೊಂಡು ಉಳಿಯುತ್ತದೆ. ನೆರೆ ಇಳಿದ ಮೇಲೆ ಕೋಲು ಹೊರತೆಗೆದು ಪುಡಿಯ ಗೆರೆಯನ್ನು ಅಳೆದು, ಮಟ್ಟ ಮತ್ತು ದಿನಾಂಕ ಬರೆದು, ಕೋಲು ಒರೆಸಿ, ಪುಡಿ ಕಡಿಮೆಯಾಗಿದ್ದರೆ ಹೊಸದನ್ನು ಹಾಕಿ ಮುಚ್ಚಿಬಿಡಿ. ಒರೆಸುವುದನ್ನು ಮರೆತರೆ ಮುಂದಿನ ಚಿಕ್ಕ ನೆರೆ ದಾಖಲಾಗುವುದೇ ಇಲ್ಲ.